650 ಕೆಜಿಯ ಕಾರು, ಹಳ್ಳದ ದಾರಿ

(ತುಮಕೂರಿನಲ್ಲಿ ಆಯುಧಪೂಜೆಯ ಹಿಂದಿನ ದಿನ, ವಾಹನ ರಿಪೇರಿ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಮೇಷ್ಟ್ರು ಫೋನ್ ಮಾಡಿದಾಗ "ಬರುವಾಗ ಆ ಕಾರನ್ನೂ ತನ್ನಿ, ಹುಡುಗರು ನೋಡಲಿ" ಅಂದರು. ಆ ಕಾರು ಅಂದರೆ ಹಳ್ಳದ ದಾರಿಯಲ್ಲಿ ಓಡುವ ಹಾಗೆ ನಾನು ಮನೆಯಲ್ಲೇ ಮಾರ್ಪಡಿಸಿದ ಹಳೇ ಮಾರುತಿ 800. ನಾನು ತರಲಿಲ್ಲ. ಯಾಕೆ ತರಲಿಲ್ಲ ಅನ್ನುವುದು ದೊಡ್ಡ ವಿಷಯ, ಆಮೇಲೆ ಹೇಳುತ್ತೇನೆ. ಈಗ ನಮ್ಮ ಹಳ್ಳದಿಂದ ಶುರು ಮಾಡುತ್ತೇನೆ.

ನಮ್ಮ ತೋಟ ಗುಬ್ಬಿ ತಾಲ್ಲೂಕಿನಲ್ಲಿದೆ. ತೆಂಗು, ಸಾಲಿನ ಮಧ್ಯೆ ಒಂದಿಷ್ಟು ಅಡಿಕೆ. ತೋಟದ ನಡುವೆ ಒಂದು ಹಳ್ಳ ಹಾದುಹೋಗುತ್ತದೆ. ವರ್ಷದಲ್ಲಿ ಜಾಸ್ತಿ ದಿನ ಒಣ ಮರಳು. ಮಳೆ ಬಿದ್ದರೆ ಮೊಣಕಾಲುದ್ದ ಕೆಸರು. ಹೋದ ಮಳೆಗಾಲದಲ್ಲಿ ಗೊಬ್ಬರ ತಂದಿದ್ದ ಒಂದು ಜೀಪು ಅಲ್ಲಿ ಹೂತುಕೊಂಡಿತು. ನಾಲ್ಕೂ ಚಕ್ರಕ್ಕೆ ಎಳೆತ ಇದ್ದ ಗಾಡಿ. ಡ್ರೈವರ್ ಆಕ್ಸಿಲರೇಟರ್ ಒತ್ತಿದಷ್ಟೂ ಕೆಳಗೆ ಇಳಿಯಿತು. ಕೊನೆಗೆ ಟ್ರ್ಯಾಕ್ಟರ್ ತರಿಸಿ ಎಳೆಸಿದೆವು.

ವಾರ ಕಳೆದ ಮೇಲೆ ನನ್ನ ಮಾರುತಿ 800 ಅದೇ ಜಾಗದಲ್ಲಿ ಸಿಕ್ಕಿಕೊಂಡಿತು. ಜೀಪು ಮಾಡಿಟ್ಟಿದ್ದ ಗುಂಡಿಯೊಳಗೆ ಹಿಂದಿನ ಎರಡೂ ಚಕ್ರ ಕೂತಿದ್ದವು. ನಾನು, ನನ್ನ ತಮ್ಮ, ಕಾಯಿ ಕೀಳಲು ಬಂದಿದ್ದ ಇಬ್ಬರು, ಒಟ್ಟು ನಾಲ್ಕು ಜನ ಇದ್ದೆವು. ಹಿಂದಿನ ಬಂಪರ್ ಪೈಪಿಗೆ ಕೈ ಕೊಟ್ಟು, "ಐಸಾ" ಅಂತ ಎತ್ತಿ, ಗಾಡಿಯ ಹಿಂಭಾಗವನ್ನು ಒಂದು ಅಡಿ ಪಕ್ಕಕ್ಕೆ ಇಟ್ಟೆವು. ಚಕ್ರದ ಕೆಳಗೆ ಗಟ್ಟಿ ನೆಲ ಸಿಕ್ಕಿತು. ಫಸ್ಟ್ ಗೇರ್ ಹಾಕಿದೆ, ಮೆಲ್ಲಗೆ ಗುಂಡಿಯಿಂದ ಆಚೆ ಬಂತು.

ಇವತ್ತು ನಾನು ಹೇಳಬೇಕಾದ್ದೆಲ್ಲ ಈ ಒಂದು ಘಟನೆಯಲ್ಲಿದೆ. ಹಳೇ ಸಣ್ಣ ಕಾರಿನ ಬಲ ಅದರ ಇಂಜಿನ್ನಿನಲ್ಲಿಲ್ಲ. ಅದು ಹಗುರ, ಅಷ್ಟೇ ಅದರ ಬಲ. ಮನೆಯಲ್ಲಿ ಇಂಥ ಗಾಡಿ ಕಟ್ಟುವವರು ಜಾಸ್ತಿ ಮಂದಿ ಮೊದಲ ದಿನದಿಂದಲೇ ಆ ಬಲವನ್ನು ಕಳೆಯಲು ಶುರು ಮಾಡುತ್ತಾರೆ. ಕಬ್ಬಿಣದ ಆಂಗಲ್ ಹಾಕು, ಚಾನೆಲ್ ಹಾಕು, ದಪ್ಪ ತಗಡು ಹಾಕು. ಮೂರು ತಿಂಗಳಲ್ಲಿ ಗಾಡಿ ಭೀಮನ ಹಾಗೆ ಕಾಣುತ್ತದೆ. ಹಳ್ಳಕ್ಕೆ ಇಳಿದರೆ ಮೇಲೆ ಬರುವುದಿಲ್ಲ.

ಮಾರುತಿ 800 ನಿಮಗಿಂತ ವಯಸ್ಸಿನಲ್ಲಿ ತುಂಬಾ ದೊಡ್ಡದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ಮೊದಲ ಗಿರಾಕಿಗೆ ಅದರ ಕೀ ಕೊಟ್ಟರು. 2014ರಲ್ಲಿ ತಯಾರಿಕೆ ನಿಂತಿತು. ನಮ್ಮ ದೇಶದಲ್ಲೇ 25 ಲಕ್ಷಕ್ಕೂ ಜಾಸ್ತಿ ಮಾರಾಟವಾದ ಕಾರು. ಹಾಗಾಗಿ ಯಾವ ಊರಿನ ಗುಜರಿಗೆ ಹೋದರೂ ಅದರ ಸಾಮಾನು ಸಿಗುತ್ತದೆ. 796 ಸಿಸಿ, ಮೂರು ಸಿಲಿಂಡರ್, 37 ಹಾರ್ಸ್ ಪವರ್. ತೂಕ ಸುಮಾರು 650 ಕೆಜಿ. ಈ ಕೊನೆಯ ಅಂಕಿಯನ್ನು ನೆನಪಿಡಿ.

ಹಗುರ ಗಾಡಿಯ ಮಹಿಮೆ ನನ್ನ ತಲೆಯಲ್ಲಿ ಹುಟ್ಟಿದ್ದಲ್ಲ. ಸುಜುಕಿಯವರು 1970ರಲ್ಲಿ ಜಿಮ್ನಿ ಅನ್ನುವ ಪುಟ್ಟ ಜೀಪನ್ನು ಮೊದಲು ತಂದಾಗ ಅದರ ಇಂಜಿನ್ ಬರೀ 359 ಸಿಸಿ. ನಿಮ್ಮ ಬುಲೆಟ್‌ನಷ್ಟೇ. ತೂಕ 600 ಕೆಜಿ ಆಸುಪಾಸು. ಆ ವಂಶದಲ್ಲೇ ಬಂದದ್ದು ನಮ್ಮ ಜಿಪ್ಸಿ. ಇನ್ನೂ ಹಿಂದೆ ಅಮೆರಿಕದಲ್ಲಿ ಬ್ರೂಸ್ ಮೇಯರ್ಸ್ ಅನ್ನುವವರು ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಸಾಮಾನಿಗೆ ಫೈಬರ್ ಮೈ ಕೂರಿಸಿ ಒಂದು ಪುಟ್ಟ ಗಾಡಿ ಮಾಡಿದರು. ಹೆಸರು ಮ್ಯಾಂಕ್ಸ್. 1967ರಲ್ಲಿ ಮೆಕ್ಸಿಕೋದ ಬಾಹಾ ಮರಳುಗಾಡಿನಲ್ಲಿ ಮೊದಲ ಸಲ ದೊಡ್ಡ ರೇಸ್ ನಡೆದಾಗ ಗೆದ್ದದ್ದು ಅದೇ ಮ್ಯಾಂಕ್ಸ್. ಎಳೆತ ಇದ್ದದ್ದು ಎರಡೇ ಚಕ್ರಕ್ಕೆ. ಹಗುರ ಇತ್ತು, ಮರಳಿನ ಮೇಲೆ ತೇಲಿತು.

ಇನ್ನು ನನ್ನ ಗಾಡಿಗೆ ಬರೋಣ. ಅದು 1996ರದ್ದು, ಅಪ್ಪ ಕೊಂಡ ಕಾರು. ಅಪ್ಪ ಹೋದ ಮೇಲೆ ಆರು ವರ್ಷ ತೋಟದ ಹುಣಸೆ ಮರದ ಕೆಳಗೆ ನಿಂತಿತ್ತು. ಸೀಟಿನಲ್ಲಿ ಇಲಿ ಮರಿ ಹಾಕಿತ್ತು. ಗುಜರಿಯವನಿಗೆ ಕೊಡಲು ಮನಸ್ಸು ಬರಲಿಲ್ಲ. ತೋಟದೊಳಗೆ ಗೊಬ್ಬರ, ಎಳನೀರು ಸಾಗಿಸಲು ಒಂದು ಗಾಡಿ ಬೇಕೇ ಇತ್ತು. ಇದನ್ನೇ ಯಾಕೆ ಮಾಡಬಾರದು ಅನ್ನಿಸಿತು.

ಮೊದಲು ನಮ್ಮ ಸೋದರಮಾವನನ್ನು ಕರೆದುಕೊಂಡು ಬಂದೆ. ಅವರು ನಮ್ಮ ತುಮಕೂರಿನ ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿ ದುಡಿದವರು. ಈಗ ಆ ಕಾರ್ಖಾನೆ ಮುಚ್ಚಿದೆ. ಮಾವನ ಕೈಯಲ್ಲಿ ಸೂಕ್ಷ್ಮ ಅಳತೆಯ ವರ್ನಿಯರ್ ಇನ್ನೂ ಇದೆ. ನಾನು ಆಗಲೇ ಗ್ರೈಂಡರ್ ಮಷಿನ್ ಬಾಡಿಗೆಗೆ ತಂದು, ಕಟಿಂಗ್ ವೀಲ್ ಹಾಕಿ ನಿಂತಿದ್ದೆ. ಮಾವ ಮಷಿನ್ನಿನ ಪ್ಲಗ್ ಕಿತ್ತರು.

"ಏನ್ಲಾ, ಕತ್ತರಿಸೋಕ್ ಮುಂಚೆ ಏನ್ ಕತ್ತರಿಸ್ತಿದ್ದೀನಿ ಅಂತ ನೋಡಿದ್ಯಾ?" ಅಂದರು.

"ನೋಡೋದೇನಿದೆ ಮಾವ, ತುಕ್ಕು ಹಿಡಿದ ಗಾಡಿ" ಅಂದೆ.

"ಎಲ್ಲೆಲ್ಲಿ ಹಿಡಿದಿದೆ ಹೇಳು ನೋಡೋಣ."

ನಾನು ಸುಮ್ಮನಾದೆ. ಅವರು ಕಾರಿನ ಪಕ್ಕ ಗೋಣಿಚೀಲ ಹಾಸಿ ಮಲಗಿದರು. ಒಂದು ಕೈಯಲ್ಲಿ ಟಾರ್ಚು. ಇನ್ನೊಂದು ಕೈಯಲ್ಲಿ ಮರದ ಹಿಡಿಯ ಹಳೇ ಸ್ಕ್ರೂಡ್ರೈವರ್. ಅದನ್ನು ತಿರುಗಿಸಿ ಹಿಡಿದು, ಹಿಡಿಯಿಂದ ತಗಡನ್ನು ಬೆರಳಗಲಕ್ಕೊಂದು ಸಲ ಬಡಿಯುತ್ತಾ ಹೋದರು. ಗಟ್ಟಿ ಇದ್ದ ಕಡೆ "ಠಣ್" ಅಂತ ಕೇಳಿಸುತ್ತಿತ್ತು. ಎಡಗಡೆ ಬಾಗಿಲ ಕೆಳಗಿನ ಪಟ್ಟಿ ಹತ್ತಿರ ಬಂದಾಗ ಸದ್ದು "ದಬ್" ಅಂತ ಸತ್ತಿತು. ಮಾವ ಸ್ಕ್ರೂಡ್ರೈವರ್ ತಿರುಗಿಸಿ ಚೂಪು ತುದಿಯನ್ನು ಒತ್ತಿದರು. ಜೋರಾಗಿ ಏನೂ ಅಲ್ಲ. ಹಪ್ಪಳ ಮುರಿದ ಹಾಗೆ ಒಳಗೆ ಹೋಯಿತು. ಒಂದು ಹಿಡಿ ಕೆಂಪು ಪುಡಿ ಅವರ ಎದೆ ಮೇಲೆ ಉದುರಿತು. ಮೇಲಿನ ಪೇಂಟು ಮಾತ್ರ ಹಾಗೇ ಹೊಳೆಯುತ್ತಿತ್ತು.

ಇದು ಯಾಕೆ ಅಷ್ಟು ಮುಖ್ಯ ಅಂದರೆ, ಈ ಕಾರಿಗೆ ಜೀಪಿನ ಹಾಗೆ ಬೇರೆ ಚಾಸಿ, ಅಂದರೆ ಭಾರ ಹೊರುವ ಕೆಳಗಿನ ಚೌಕಟ್ಟು, ಇಲ್ಲ. ಮೈಯೇ ಚಾಸಿ. ನೆಲದ ತಗಡು, ಬಾಗಿಲ ಕೆಳಗಿನ ಪಟ್ಟಿ, ಬಾನೆಟ್ ಒಳಗೆ ಶಾಕ್ ಅಬ್ಸಾರ್ಬರ್ ಬಂದು ಕೂರುವ ಗುಂಡನೆ ಗೋಪುರ, ಇವೆಲ್ಲ ಸೇರಿ ಭಾರ ಹೊರುತ್ತವೆ. ಪಟ್ಟಿ ತುಕ್ಕು ತಿಂದಿದ್ದರೆ ಮೇಲೆ ನೀವು ಏನು ಕಟ್ಟಿದರೂ ಅದು ಗಾಳಿಯಲ್ಲಿ ನಿಂತಿರುತ್ತದೆ. ಒಂದು ಚಕ್ರ ಕಲ್ಲಿನ ಮೇಲೆ, ಇನ್ನೊಂದು ಗುಂಡಿಯಲ್ಲಿ ಇದ್ದಾಗ ಮೈ ತಿರುಚಿಕೊಳ್ಳುತ್ತದೆ, ಬಾಗಿಲು ತೆಗೆಯಲು ಬರುವುದಿಲ್ಲ. ನಮ್ಮ ಗಾಡಿಯಲ್ಲಿ ಅಂಥ ಜಾಗ ಒಟ್ಟು ಒಂಬತ್ತು ಸಿಕ್ಕಿತು. ಮಾವ ಚಾಕ್‌ಪೀಸ್‌ನಲ್ಲಿ ಸುತ್ತು ಹಾಕಿದರು. ಆ ಒಂಬತ್ತಕ್ಕೆ ಹೊಸ ತಗಡು ಕೂರಿಸಲು ಎರಡು ತಿಂಗಳು ಹೋಯಿತು. ಈ ಕೆಲಸದ ಫೋಟೋ ಯಾರೂ ತೆಗೆಯುವುದಿಲ್ಲ. ಆದರೆ ಗಾಡಿ ಕಟ್ಟುವುದು ಅಂದರೆ ಮುಕ್ಕಾಲು ಪಾಲು ಇದೇ.

ವೆಲ್ಡಿಂಗ್ ಬಗ್ಗೆ ನಿಮಗೆ ಇಲ್ಲಿ ಕಲಿಸುತ್ತಾರೆ, ನಾನು ಜಾಸ್ತಿ ಹೇಳುವುದಿಲ್ಲ. ಕಾರಿನ ತಗಡು ತೆಳು. ಆರ್ಕ್ ಕಡ್ಡಿ ಹಿಡಿದರೆ ತೂತು ಬೀಳುತ್ತದೆ, ತೆಳು ತಂತಿ ಮತ್ತು ಗ್ಯಾಸ್ ಬಳಸುವ ಸಿಓಟು ವೆಲ್ಡಿಂಗೇ ಸರಿ. ಬ್ಯಾಟರಿ ಬಿಚ್ಚಿ ಪಕ್ಕಕ್ಕಿಡಿ. ಪೆಟ್ರೋಲ್ ಟ್ಯಾಂಕನ್ನು ಗಾಡಿಯಿಂದಲೇ ಇಳಿಸಿ ದೂರ ಇಡಿ. "ಖಾಲಿ ಇದೆ ಬಿಡಿ" ಅನ್ನಬೇಡಿ. ಖಾಲಿ ಟ್ಯಾಂಕಿನೊಳಗೆ ಪೆಟ್ರೋಲ್ ಆವಿ ಗಾಳಿ ಜೊತೆ ಸೇರಿಕೊಂಡಿರುತ್ತದೆ. ಕಿಡಿ ಬಿದ್ದರೆ ತುಂಬಿದ ಟ್ಯಾಂಕಿಗಿಂತ ಅದೇ ಅಪಾಯ.

ಈಗ ಎತ್ತರ. ಎಲ್ಲರಿಗೂ ಇಷ್ಟವಾದ ವಿಷಯ, ಅಲ್ವಾ? ಈ ಕಾರಿಗೆ ಬರುವ ಟೈರು 145/70, ಅಂದರೆ 145 ಮಿಲಿಮೀಟರ್ ಅಗಲ, ಟೈರಿನ ಪಕ್ಕದ ಎತ್ತರ ಅದರ ಶೇಕಡಾ 70. ಒಳಗಿನ ಚಕ್ರದ ಡಿಸ್ಕ್ 12 ಇಂಚು. ಲೆಕ್ಕ ಹಾಕಿದರೆ ನೆಲದಿಂದ ತಲೆವರೆಗೆ ಸುಮಾರು 508 ಮಿಲಿಮೀಟರ್. ನಾನು ಹಾಕಿದ್ದು 155/80, 13 ಇಂಚು. ಅದು ಸುಮಾರು 578. ಎಪ್ಪತ್ತು ಮಿಲಿಮೀಟರ್ ದೊಡ್ಡದು. ಆದರೆ ಗಾಡಿ ಎಪ್ಪತ್ತು ಮೇಲೇಳುವುದಿಲ್ಲ. ಚಕ್ರದ ನಡುಮಧ್ಯೆ ಆಕ್ಸಲ್ ಇರುತ್ತದೆ, ಆದ್ದರಿಂದ ಅರ್ಧ ಮಾತ್ರ ಸಿಗುತ್ತದೆ. ಮೂವತ್ತೈದು. ಜೊತೆಗೆ ಚಕ್ರ ಶೇಕಡಾ 14ರಷ್ಟು ದೊಡ್ಡದಾಯಿತು. ಅಂದರೆ ಫಸ್ಟ್ ಗೇರಿನಲ್ಲಿ ನೂರು ಪಾಲು ಇದ್ದ ಎಳೆತ 88ಕ್ಕೆ ಇಳಿಯಿತು. ಮೊದಲೇ 37 ಹಾರ್ಸ್ ಪವರ್. ಏರು ಹತ್ತುವಾಗ ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರುವುದು ಇದಕ್ಕೇ. ಸ್ಪೀಡೋಮೀಟರ್ 40 ತೋರಿಸಿದರೆ ನೀವು ನಿಜವಾಗಿ 45 ದಾಟಿರುತ್ತೀರಿ. ಇದಕ್ಕಿಂತ ದೊಡ್ಡ ಟೈರಿಗೆ ನಾನು ಹೋಗಲಿಲ್ಲ, ನೀವೂ ಹೋಗಬೇಡಿ. ಬೇರೆ ಕಾರಿನ ಡಿಸ್ಕ್ ಗುಜರಿಯಿಂದ ತರುವವರು ಬೋಲ್ಟ್ ತೂತಿನ ಅಳತೆ ನೋಡಿಯೇ ತನ್ನಿ. ನಾಲ್ಕು ಬೋಲ್ಟ್ ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ.

ಶಾಕ್ ಅಬ್ಸಾರ್ಬರ್ ಮತ್ತು ಗಾಡಿಯ ಮೈ ನಡುವೆ ಇಡುವ ತುಂಡಿಗೆ ಸ್ಪೇಸರ್ ಅನ್ನುತ್ತಾರೆ. ಮಿಕ್ಕ ಎತ್ತರ ಸ್ಪೇಸರ್‌ನಿಂದ ಬರುತ್ತದೆ. ಇಲ್ಲಿ ನಾನು ದೊಡ್ಡ ತಪ್ಪು ಮಾಡಿದೆ. ಮುಂದಿನ ಶಾಕ್ ಅಬ್ಸಾರ್ಬರ್ ಮೇಲೆ 65 ಮಿಲಿಮೀಟರ್ ಸ್ಪೇಸರ್ ಹಾಕಿದೆ. ಲೇತ್‌ನಲ್ಲಿ ಮಾಡಿಸಿದ್ದು, ನೋಡಲು ಭರ್ಜರಿಯಾಗಿತ್ತು. ಗೇರ್ ಬಾಕ್ಸ್‌ನಿಂದ ಚಕ್ರಕ್ಕೆ ಹೋಗುವ ಆಕ್ಸಲ್ ಮೊದಲು ಹೆಚ್ಚು ಕಮ್ಮಿ ಮಟ್ಟಸವಾಗಿತ್ತು. ಈಗ ಛಾವಣಿಯ ಹೆಂಚಿನ ಹಾಗೆ ಇಳಿಜಾರಾಯಿತು. ಹತ್ತನೇ ದಿನ ಸ್ಟೇರಿಂಗ್ ತಿರುಗಿಸಿದಾಗ "ಕಟಕಟ" ಸದ್ದು. ಬಗ್ಗಿ ನೋಡಿದರೆ ಆಕ್ಸಲ್ ಜಾಯಿಂಟನ್ನು ಮುಚ್ಚಿದ್ದ ರಬ್ಬರ್ ಬೂಟ್ ಹರಿದು, ಒಳಗಿನ ಗ್ರೀಸ್ ಎಲ್ಲ ಚಕ್ರದ ಸುತ್ತ ಸಿಡಿದಿತ್ತು. ಅದರ ಜಾಗಕ್ಕೆ ಮರಳು ಹೋಗಿ ಕೂತಿತ್ತು. ಗ್ರೀಸಿನಲ್ಲಿ ಮರಳು ಸೇರಿದರೆ ಅದು ಸಾಣೆ ಕಲ್ಲು. ಎರಡು ದಿನಕ್ಕೆ ಜಾಯಿಂಟ್ ಹೋಯಿತು. ಗಾಡಿ ಹಳ್ಳದ ಮಧ್ಯೆ ನಿಂತಿತು.

ಈಗ ಇರುವುದು 35 ಮಿಲಿಮೀಟರ್ ಸ್ಪೇಸರ್. ಎರಡು ವರ್ಷದಲ್ಲಿ ಬೂಟ್ ಒಂದೇ ಸಲ ಬದಲಾಗಿದೆ. ಸ್ಪೇಸರ್ ಹಾಕಿದ ಮೇಲೆ ಮೈಯನ್ನು ಜಾಕಿಯಲ್ಲಿ ಎತ್ತಿ ಚಕ್ರವನ್ನು ಪೂರ್ತಿ ನೇತು ಬಿಡಿ. ಸ್ಟೇರಿಂಗನ್ನು ಆ ಕಡೆ ಈ ಕಡೆ ಕೊನೆವರೆಗೂ ತಿರುಗಿಸಿ. ಬ್ರೇಕ್ ಹೋಸ್ ಬಿಗಿಯಾಗುತ್ತಾ ನೋಡಿ. ಬಿಗಿಯಾದರೆ ಉದ್ದದ ಹೋಸ್ ಬೇಕು. ಅದನ್ನು ಬಿಟ್ಟು ಗಾಡಿ ಓಡಿಸಬೇಡಿ. ಹಿಂದೆಯೂ ಹೀಗೇ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸ್ಪೇಸರ್ ಮೈಯನ್ನು ಎತ್ತುತ್ತದೆ, ಹಿಂದಿನ ಆಕ್ಸಲನ್ನು ಎತ್ತುವುದಿಲ್ಲ. ಆಕ್ಸಲ್ ಮೇಲೇಳುವುದು ಟೈರಿನಿಂದ ಮಾತ್ರ. ನೀವು ಮೈಯನ್ನು ಒಂದು ಅಡಿ ಎತ್ತಿದರೂ ಕಲ್ಲಿಗೆ ಬಡಿಯುವ ಆಕ್ಸಲ್ ಅಲ್ಲೇ ಇರುತ್ತದೆ.

ಅದಕ್ಕೇ ನಾನು ಎತ್ತರಕ್ಕಿಂತ ಇಂಜಿನ್ ಕಾಪಾಡಲು ಅದರ ಕೆಳಗೆ ಹಾಕುವ ತಗಡಿಗೆ ಜಾಸ್ತಿ ಬೆಲೆ ಕೊಡುತ್ತೇನೆ. ನಮ್ಮ ಕಡೆ ನೆಲದಲ್ಲಿ ಬಂಡೆಯ ತುದಿ ಎಲ್ಲಿ ಎದ್ದಿರುತ್ತದೆ ಹೇಳಲು ಆಗುವುದಿಲ್ಲ. ಆಯಿಲ್ ಚೇಂಬರ್‌ಗೆ ಒಂದು ಕಲ್ಲು ಬಡಿದರೆ ಇಂಜಿನ್ ಕಥೆ ಮುಗಿಯಿತು. ಮೊದಲು ಆರು ಮಿಲಿಮೀಟರ್ ತಗಡು ಹಾಕೋಣ ಅಂದುಕೊಂಡಿದ್ದೆ. ಮಾವ ಕಾಗದದ ಮೇಲೆ ಲೆಕ್ಕ ಮಾಡಿದರು. 80 ಸೆಂಟಿಮೀಟರ್ ಉದ್ದ, 70 ಅಗಲ, 6 ದಪ್ಪ ಅಂದರೆ 26 ಕೆಜಿ. ಅದೂ ಗಾಡಿಯ ಮೂತಿಗೆ. ಮೂರು ಮಿಲಿಮೀಟರ್ ತಗಡಾದರೆ 13. ಅದರ ಬೆನ್ನಿಗೆ ಎರಡು ಪಟ್ಟಿ ಬೆಸೆದು, ಮುಂದಿನ ಅಂಚನ್ನು ಮೇಲಕ್ಕೆ ಬಗ್ಗಿಸಿದರೆ ಒಟ್ಟು 16. ಅದನ್ನೇ ಮಾಡಿದೆವು. ಚೇಂಬರ್ ಬೋಲ್ಟ್ ಎದುರಿಗೆ ಒಂದು ತೂತು ಬಿಡಿ, ಇಲ್ಲದಿದ್ದರೆ ಪ್ರತಿ ಸಲ ಆಯಿಲ್ ಬದಲಿಸಲು ತಗಡನ್ನೇ ಬಿಚ್ಚಬೇಕು. ಬೇಸಿಗೆಯಲ್ಲಿ ಒಣ ಹುಲ್ಲು ತಗಡಿನ ಮೇಲೆ ಸೇರಿಕೊಳ್ಳುತ್ತದೆ. ಪಕ್ಕದಲ್ಲೇ ಸೈಲೆನ್ಸರ್ ಪೈಪು ಕೆಂಡದ ಹಾಗೆ ಕಾದಿರುತ್ತದೆ. ದಿನ ಮುಗಿದ ಮೇಲೆ ಕೈ ಹಾಕಿ ಹುಲ್ಲು ತೆಗೆಯಿರಿ, ಗಾಡಿಯಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಇಟ್ಟುಕೊಳ್ಳಿ.

ತೂಕದ ಲೆಕ್ಕಕ್ಕೆ ನಾವು ಒಂದು ನೋಟ್‌ಬುಕ್ ಇಟ್ಟಿದ್ದೆವು. ಕೊಬ್ಬರಿ ಚೀಲ ತೂಗುವ ತಕ್ಕಡಿ ಮನೆಯಲ್ಲೇ ಇತ್ತು. ಗಾಡಿಯಿಂದ ಬಿಚ್ಚಿದ್ದು, ಗಾಡಿಗೆ ಹಾಕಿದ್ದು, ಎಲ್ಲವೂ ಅದರ ಮೇಲೆ ಹೋಗಿ ಬರಬೇಕು. ಹಿಂದಿನ ಸೀಟು, ಕಾರ್ಪೆಟ್, ಬಾಗಿಲ ಒಳಗಿನ ರಟ್ಟು, ಡಿಕ್ಕಿಯ ಸಾಮಾನು ಎಲ್ಲ ಸೇರಿ 58 ಕೆಜಿ ಹೊರಗೆ ಬಂತು. ಒಳಗೆ ಹೋದದ್ದು ತಗಡು 16, ಟೈರಿನ ಹೆಚ್ಚುವರಿ ತೂಕ 12, ರೋಲ್ ಕೇಜ್ (ಗಾಡಿ ಉರುಳಿದರೆ ಒಳಗಿದ್ದವರನ್ನು ಕಾಪಾಡುವ ಪೈಪಿನ ಪಂಜರ) 36. ಆರು ಕೆಜಿ ಜಾಸ್ತಿ ಆಯಿತು. ಆ ಆರು ಕೆಜಿ ಬಗ್ಗೆ ಮಾವ ಇವತ್ತಿಗೂ ಕೇಳುತ್ತಾರೆ.

ರೋಲ್ ಕೇಜ್ ವಿಷಯದಲ್ಲಿ ಮಾತ್ರ ತೂಕ ಉಳಿಸಲು ಹೋಗಬೇಡಿ. ಇದೊಂದನ್ನು ನಾನು ಕೈ ಮುಗಿದು ಹೇಳುತ್ತೇನೆ. ಹಗುರ ಗಾಡಿ, ಎತ್ತರಕ್ಕೆ ಎದ್ದಿದೆ, ಪಕ್ಕಕ್ಕೆ ವಾಲಿದರೆ ಉರುಳುತ್ತದೆ. ಆಗ ನಿಮ್ಮ ತಲೆಗೂ ನೆಲಕ್ಕೂ ನಡುವೆ ಇರುವುದು ಆ ಪೈಪು ಮಾತ್ರ. ಎಷ್ಟೋ ಜನ ನೀರಿನ ಜಿಐ ಪೈಪ್ ತಂದು ಬೆಸೆಯುತ್ತಾರೆ. ಅದು ಬಗ್ಗಿಸಿದ ಕಡೆ ಮಡಚಿಕೊಳ್ಳುತ್ತದೆ. ಬೆಸೆಯುವಾಗ ಅದರ ಮೇಲಿನ ಸತು ಹೊಗೆಯಾಗಿ ಮೈಗೆ ಜ್ವರ ಬರಿಸುತ್ತದೆ. ರೇಸ್ ಗಾಡಿಗಳಿಗೆ ಅಂತರರಾಷ್ಟ್ರೀಯ ಸಂಸ್ಥೆ ಎಫ್‌ಐಎ ಅಳತೆ ಕೊಟ್ಟಿದೆ. ಜಾಯಿಂಟ್ ಇಲ್ಲದ ಸೀಮ್‌ಲೆಸ್ ಪೈಪು, ತಲೆ ಹಿಂದಿನ ಮುಖ್ಯ ಕಮಾನಿಗೆ 45 ಮಿಲಿಮೀಟರ್ ದಪ್ಪ, ಗೋಡೆ 2.5. ಉಳಿದವಕ್ಕೆ 38, ಗೋಡೆ 2.5. ಪೈಪು ನೆಲಕ್ಕೆ ಬಂದು ಕೂರುವ ಕಡೆ ಮೂರು ಮಿಲಿಮೀಟರ್ ಪ್ಲೇಟ್ ಹಾಕಿ ಭಾರ ಹಂಚಬೇಕು. ನಾನು ಹಾಗೇ ಮಾಡಿಸಿದೆ. ಬೆಸುಗೆಯನ್ನು ಇದೇ ಕೆಲಸ ಮಾಡುವ ಮೇಸ್ತ್ರಿಯಿಂದ ಹಾಕಿಸಿದೆ, ನಾನು ಕೈ ಹಾಕಲಿಲ್ಲ. ಪೈಪು ತಲೆಗೆ ತಾಗುವ ಜಾಗಕ್ಕೆ ಫೋಮ್ ಸುತ್ತಿ. ಬೆಲ್ಟ್, ಹೆಲ್ಮೆಟ್ ಎರಡೂ ಹಾಕಿ, ತೋಟದೊಳಗೂ ಹಾಕಿ.

ಓಡಿಸುವುದರಲ್ಲಿ ಒಂದೆರಡು ವಿಷಯ ಹೇಳುತ್ತೇನೆ. ಈ ಕಾರಿನಲ್ಲಿ ಎಳೆಯುವುದು ಮುಂದಿನ ಚಕ್ರ. ಮಟ್ಟ ನೆಲದಲ್ಲಿ ಇಂಜಿನ್ ಭಾರ ಅದರ ಮೇಲೇ ಇರುವುದರಿಂದ ಒಳ್ಳೇ ಹಿಡಿತ. ಆದರೆ ಕಡಿದಾದ ಏರಿನಲ್ಲಿ ಭಾರ ಹಿಂದಕ್ಕೆ ಜಾರುತ್ತದೆ, ಮುಂದಿನ ಚಕ್ರ ಸುಮ್ನೆ ಸುತ್ತುತ್ತದೆ. ಆಗ ಗಾಡಿ ತಿರುಗಿಸಿ ರಿವರ್ಸ್‌ನಲ್ಲಿ ಹತ್ತಿಸಿ. ಎಳೆಯುವ ಚಕ್ರ ಕೆಳಗಡೆಗೆ ಬರುತ್ತದೆ, ಭಾರ ಅದರ ಮೇಲೆ ಕೂರುತ್ತದೆ. ನಮ್ಮ ಹಳ್ಳದ ಆಚೆ ದಡದಲ್ಲಿ ಒಂದು ಏರಿದೆ. ಮುಂದೆ ಮುಖ ಮಾಡಿ ಒಂದು ಸಲವೂ ಹತ್ತಿಲ್ಲ. ಹಿಂದೆ ಮುಖ ಮಾಡಿದರೆ ಪ್ರತಿ ಸಲ ಹತ್ತುತ್ತದೆ.

ಒಂದು ಚಕ್ರ ಗಾಳಿಯಲ್ಲಿ ಎದ್ದು ಸುತ್ತತೊಡಗಿದರೆ ಇನ್ನೊಂದು ಚಕ್ರಕ್ಕೆ ಎಳೆತ ಹೋಗುವುದಿಲ್ಲ. ಹಿಂದಿನ ಚಕ್ರ ಎಳೆಯುವ ಗಾಡಿಯಲ್ಲಿ ಹ್ಯಾಂಡ್ ಬ್ರೇಕ್ ಅರ್ಧ ಎಳೆಯುತ್ತಾರೆ. ನಮ್ಮದರಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಚಕ್ರಕ್ಕೆ, ಎಳೆತ ಮುಂದಿನದಕ್ಕೆ. ಆ ಉಪಾಯ ನಡೆಯುವುದಿಲ್ಲ. ಎಡಗಾಲಿನಿಂದ ಬ್ರೇಕನ್ನು ಮೆತ್ತಗೆ ಒತ್ತಿ, ಬಲಗಾಲಲ್ಲಿ ಆಕ್ಸಿಲರೇಟರ್ ಹಿಡಿಯಿರಿ. ಸುಮ್ಮನೆ ಸುತ್ತುವ ಚಕ್ರಕ್ಕೆ ತಡೆ ಬಿದ್ದು, ನೆಲ ಹಿಡಿದ ಚಕ್ರಕ್ಕೆ ಬಲ ಹೋಗುತ್ತದೆ. ಮರಳಿನಲ್ಲಿ ಟೈರಿನ ಗಾಳಿ 16, 18 ಪಿಎಸ್ಐಗೆ ಇಳಿಸಿ, ವಾಪಸ್ ಬಂದ ಕೂಡಲೇ ತುಂಬಿಸಿ. ನೀರಿಗೆ ಇಳಿಯುವ ಮುಂಚೆ ಡೆಲ್ಕೊ, ಅಂದರೆ ಸ್ಪಾರ್ಕ್ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿಯ ಮೇಲೆ ದೊಡ್ಡ ರಬ್ಬರ್ ಗ್ಲೌಸ್ ಎಳೆದು ಕಟ್ಟಿ, ವೈರುಗಳನ್ನು ಬೆರಳಿನ ತುದಿಯಿಂದ ಹೊರಗೆ ತನ್ನಿ. ಏರ್ ಫಿಲ್ಟರ್‌ನ ಬಾಯಿ ಎಷ್ಟು ಎತ್ತರದಲ್ಲಿದೆ ನೋಡಿಕೊಳ್ಳಿ. ಇಂಜಿನ್ ನೀರು ಕುಡಿದರೆ ಪಿಸ್ಟನ್ ರಾಡ್ ಬಗ್ಗುತ್ತದೆ.

ಈಗ ಕಾರು ಯಾಕೆ ತರಲಿಲ್ಲ ಅನ್ನುವುದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ವಿವರ ಬದಲಾಗುವ ಹಾಗೆ ಗಾಡಿಯನ್ನು ಮಾರ್ಪಾಟು ಮಾಡುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಖಚಿತವಾಗಿ ಹೇಳಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಒಂದೊಂದು ಮಾರ್ಪಾಟಿಗೂ 5000 ರೂಪಾಯಿ ದಂಡ, ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಅಂತ ಬಂತು. ನನ್ನ ಗಾಡಿ ಬಿ.ಎಚ್. ರಸ್ತೆಯಂಥ ದೊಡ್ಡ ರಸ್ತೆಗೆ ಬರುವ ಹಾಗಿಲ್ಲ. ಬರಲೂಬಾರದು. ಅದರ ಬ್ರೇಕ್, ತಿರುವು ಎಲ್ಲ ಹಳ್ಳದ ದಾರಿಗೆ ಹೊಂದಿಸಿದ್ದು, ಲಾರಿಗಳ ನಡುವೆ ಓಡಿಸಲು ಅಲ್ಲ. ನಾನು ರಿಜಿಸ್ಟ್ರೇಷನ್ ರದ್ದು ಮಾಡಿಸಿ ತೋಟದ ಬೇಲಿಯೊಳಗೆ ಇಟ್ಟಿದ್ದೇನೆ. ಹೊರಗೆ ಒಯ್ಯಬೇಕಾದರೆ ಟೆಂಪೋ ಮೇಲೆ.

ಹಾಗೆಯೇ ಕಾಡು, ಕೆರೆ ಅಂಗಳ, ಹುಲ್ಲುಗಾವಲು ಖಾಲಿ ಇದೆ ಅಂತ ನುಗ್ಗಬೇಡಿ. ದೇವರಾಯನದುರ್ಗದ ಸುತ್ತ ಇರುವುದು ಅರಣ್ಯ ಇಲಾಖೆಯ ಕಾಡು. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿ ಬಯಲು ನೋಡಲು ಗಾಡಿ ಬಿಡಲು ಹೇಳಿ ಮಾಡಿಸಿದ ಹಾಗಿದೆ. ಆದರೆ ಅದು ಕೃಷ್ಣಮೃಗಗಳ ಮನೆ. ಆ ಹುಲ್ಲಿನಲ್ಲಿ ನೆಲಕ್ಕೆ ಮೊಟ್ಟೆ ಇಡುವ ಹಕ್ಕಿಗಳಿವೆ. ಟೈರಿನ ಒಂದು ಗೆರೆ ಸಾಕು. ಸ್ವಂತ ಜಮೀನು ಇಲ್ಲದವರು ಯಾರದಾದರೂ ತೋಟದವರನ್ನು ಕೇಳಿ ಒಪ್ಪಿಸಿ. ಬೆಳೆ ಇಲ್ಲದ ಬೀಳು ನಮ್ಮ ಕಡೆ ಬೇಕಾದಷ್ಟಿದೆ.

ಹಣದ ವಿಷಯ ಒಬ್ಬಳು ಹುಡುಗಿ ಚೀಟಿಯಲ್ಲಿ ಕೇಳಿದ್ದಾಳೆ. ಕಾರು ಮನೆಯದೇ, ಅದು ಬಿಟ್ಟು 70 ಸಾವಿರ ಹಿಡಿಯಿತು. ಅರ್ಧಕ್ಕಿಂತ ಜಾಸ್ತಿ ರೋಲ್ ಕೇಜ್ ಮತ್ತು ಟೈರಿಗೆ ಹೋಯಿತು. ಫಿನ್ಲೆಂಡ್, ಸ್ವೀಡನ್ ಕಡೆ ಹಳೇ ಕಾರುಗಳ ರೇಸಿನಲ್ಲಿ ಒಂದು ಚೆಂದದ ನಿಯಮ ಇದೆ. ರೇಸ್ ಮುಗಿದ ಮೇಲೆ ನಿಮ್ಮ ಕಾರನ್ನು ಬೇರೆಯವರು ಮೊದಲೇ ಗೊತ್ತು ಮಾಡಿದ ಕಡಿಮೆ ಬೆಲೆಗೆ ಕೇಳಬಹುದು, ನೀವು ಇಲ್ಲ ಅನ್ನುವಂತಿಲ್ಲ. ಹಾಗಾಗಿ ಯಾರೂ ಅದಕ್ಕೆ ಸಿಕ್ಕಾಪಟ್ಟೆ ದುಡ್ಡು ಸುರಿಯುವುದಿಲ್ಲ. ನಮ್ಮಲ್ಲೂ ಅಂಥದ್ದೊಂದು ಬಂದರೆ ನಿಮ್ಮಂಥ ಮಕ್ಕಳಿಗೆ ಎಷ್ಟು ಅನುಕೂಲ ಅಂತ ನನಗೆ ಆಗಾಗ ಅನಿಸುತ್ತದೆ.

ಇನ್ನೊಂದು ಚೀಟಿ: "ಸರ್, ಇದಕ್ಕೆ ಫೋರ್ ವೀಲ್ ಡ್ರೈವ್ ಮಾಡಬಹುದಾ?" ಮಾಡಬಹುದು. ಹಿಂದಕ್ಕೊಂದು ಡಿಫರೆನ್ಷಿಯಲ್, ಉದ್ದದ ಶಾಫ್ಟ್, ಟ್ರಾನ್ಸ್‌ಫರ್ ಕೇಸ್, ಅವನ್ನು ಹೊರಲು ನೆಲದ ಕೆಳಗೆ ಹೊಸ ಚೌಕಟ್ಟು ಬೇಕು. ನೂರು ಕೆಜಿ ಹತ್ತಿರ ಆಗುತ್ತದೆ. ಆಮೇಲೆ ಹಳ್ಳದಲ್ಲಿ ಹೂತರೆ ನಾಲ್ಕು ಜನ ಎತ್ತಿ ಇಡಲು ಆಗುವುದಿಲ್ಲ. ನಾನು ಮಾಡುವುದಿಲ್ಲ.

ಕಾರು ಈಗ ಅದೇ ಹುಣಸೆ ಮರದ ಕೆಳಗಿದೆ. ಬಲಗಡೆ ಬೂಟ್‌ನಲ್ಲಿ ಸಣ್ಣ ಬಿರುಕು ಕಂಡಿದೆ. ಬರುವ ಭಾನುವಾರ ಬೆಳಿಗ್ಗೆ ಬಿಚ್ಚುತ್ತೇನೆ, ಮಾವನೂ ಬರುತ್ತಾರೆ. ಕೈ ಹಾಕಿ ನೋಡಬೇಕು ಅನ್ನುವವರು ಗುಬ್ಬಿ ಬಸ್ ಹತ್ತಿ ಬನ್ನಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಗ್ರೀಸ್ ತೊಳೆದರೂ ಹೋಗುವುದಿಲ್ಲ.